‘ಲಿವರ್ ಟೈಟ್ ಅದ ಅಕ್ಕಾ’ ಅಂದಿದ್ದ ಹುಡುಗ

ಬ್ರೇಕ್ ಹಿಡೀತಿಲ್ಲ ಅಂತ ಗ್ಯಾರೇಜಿಗೆ ಹೋಗುವವರು ಬಹಳ ಜನ. ನನ್ನದು ಉಲ್ಟಾ ಕತೆ. ನನ್ನ ಬೈಕಿನ ಮುಂದಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಹಿಡಿದದ್ದನ್ನು ಬಿಡುತ್ತಿರಲಿಲ್ಲ, ಅಷ್ಟೆ.

ನಾನಿರುವುದು ಬೀದರ್ ಜಿಲ್ಲೆಯ ಮಾಣಿಕನಗರದಲ್ಲಿ. ಹುಮನಾಬಾದಿಗೆ ಅಂಟಿಕೊಂಡೇ ಇರುವ ಸಣ್ಣ ಊರು. ಗುರುಗಂಗಾ, ವಿರಜಾ ಅನ್ನುವ ಎರಡು ಹೊಳೆ ಕೂಡುವ ಜಾಗದಲ್ಲಿ ಮಾಣಿಕಪ್ರಭುಗಳ ಸಮಾಧಿ ಇದೆ. ದತ್ತ ಜಯಂತಿಯ ದಿನಗಳಲ್ಲಿ ಮಹಾರಾಷ್ಟ್ರ, ತೆಲಂಗಾಣದಿಂದೆಲ್ಲ ಜನ ಬಂದು ತುಂಬುತ್ತಾರೆ. ಉಳಿದ ದಿನ ನಮ್ಮೂರು ಶಾಂತ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖನಿ. ಒಂದು ವಾಕ್ಯದಲ್ಲೇ ಮೂರೂ ಬಂದರೂ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

ನಾನು ಬ್ಯಾಂಕೊಂದರಲ್ಲಿ ಕೃಷಿ ಸಾಲದ ಫೀಲ್ಡ್ ಆಫೀಸರ್. ವಾರಕ್ಕೆ ಮೂರು ದಿನ ಕುರ್ಚಿ, ಮೂರು ದಿನ ಹೊಲ. ದುಬಲಗುಂಡಿ, ಘಾಟಬೋರಾಳ, ಹುಡಗಿ, ಜಲಸಂಗಿ ಹೀಗೆ ಸುತ್ತಬೇಕು. ಡಾಂಬರು ಮುಗಿದ ಮೇಲೆಯೇ ನನ್ನ ಕೆಲಸ ಶುರು. ಒಂದು ಕಡೆ ಕೆಂಪು ಮುರುಮಿನ ದಾರಿ, ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಎರೆಮಣ್ಣು. ಮಳೆ ಬಂದರೆ ಆ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಟ್ಟಿಕೊಂಡು ಸ್ಕೂಟಿಯನ್ನು ನಿಂತ ಜಾಗದಲ್ಲೇ ನಿಲ್ಲಿಸುತ್ತದೆ. ಎರಡು ಮಳೆಗಾಲ ಸ್ಕೂಟಿ ತಳ್ಳಿ ಸಾಕಾಗಿ, ಹೋದ ವರ್ಷ ಒಂದು ಹಳೆಯ ಡರ್ಟ್ ಬೈಕ್ ತೊಗೊಂಡೆ.

ರೇಸಿನಲ್ಲಿ ಹಾರಿಸುವಂಥ ಪೂರ್ತಿ ಡರ್ಟ್ ಬೈಕ್ ಅಲ್ಲ. ನಂಬರ್ ಪ್ಲೇಟು, ಹೆಡ್‌ಲೈಟು ಇರುವ, ರಸ್ತೆಗೂ ಹೊಲಕ್ಕೂ ನಡೆಯುವ ಗಾಡಿ. 150 ಸಿಸಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತಲ್ಲ, ನನ್ನದು ಅದಕ್ಕೂ ಹಿಂದಿನದು. ಮುಂದೆ ಒಂದು ಡಿಸ್ಕು, ಒಂದು ಕ್ಯಾಲಿಪರ್, ನಡುವೆ ಒಂದು ಪೈಪು. ಬಹಳ ಸರಳ.

ಅವ್ವ ಮೊದಲ ದಿನವೇ ಹೇಳಿದ್ದಳು: “ಇದು ಗಂಡಸರ ಗಾಡಿ, ಬಿದ್ದರ ಎತ್ತೋರ್ಯಾರು?” ಅಪ್ಪ ಮಾತಾಡಲಿಲ್ಲ. ಮೂವತ್ತು ವರ್ಷ ಸಾರಿಗೆ ಬಸ್ಸಿನ ಡ್ರೈವರ್ ಆಗಿದ್ದವರು. ಗಾಡಿ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿ, “ಬ್ರೇಕ್ ನೋಡ್ಕೋ” ಅಂದು ಒಳಗೆ ಹೋದರು.

ಗಿಡ್ಡ ಲಿವರ್

ಗಾಡಿ ಇಷ್ಟವಾಯಿತು. ಒಂದೇ ತೊಂದರೆ, ನನ್ನ ಕೈ ಸಣ್ಣವು. ಬ್ರೇಕ್ ಲಿವರಿಗೆ ಬೆರಳು ಸರಿಯಾಗಿ ಎಟುಕುತ್ತಿರಲಿಲ್ಲ. ಇಳಿಜಾರಿನಲ್ಲಿ ಬೆರಳ ತುದಿಯಿಂದ ಎಳೆದೂ ಎಳೆದೂ ಮುಂಗೈ ನೋಯುತ್ತಿತ್ತು. ಜೂನಿನಲ್ಲಿ ಆನ್‌ಲೈನಿನಲ್ಲಿ ಒಂದು ಗಿಡ್ಡ ಲಿವರ್ ತರಿಸಿದೆ. ನೀಲಿ ಬಣ್ಣದ್ದು, ಮಡಚುವಂಥದ್ದು, ಹತ್ತಿರ ದೂರ ಮಾಡಿಕೊಳ್ಳಲು ಒಂದು ತಿರುಪು ಬೇರೆ. ಒಂದು ವಿಡಿಯೊ ನೋಡಿ, ಒಂದು ಪಾನಾ ಹಿಡಿದು, ಇಪ್ಪತ್ತು ನಿಮಿಷದಲ್ಲಿ ನಾನೇ ಹಾಕಿದೆ. ಹಳೆಯ ಲಿವರನ್ನು ಪೇಪರಿನಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆದೆ.

ಹೊಸ ಲಿವರ್ ಮುಟ್ಟಿದರೆ ಸಾಕು, ಬ್ರೇಕ್ ಹಿಡಿಯುತ್ತಿತ್ತು. ಮೊದಲಿದ್ದ ಸಡಿಲು ಒಂಚೂರೂ ಇಲ್ಲ. ಎಷ್ಟು ಚೆನ್ನಾಗಿ ಕೂತಿದೆ ಅಂತ ನನಗೆ ಹೆಮ್ಮೆ. ನನ್ನ ಕೈಯಾರೆ ಮಾಡಿದ ಕೆಲಸ ಅಂತ ತಮ್ಮನಿಗೆ ಫೋಟೊ ಬೇರೆ ಕಳಿಸಿದ್ದೆ.

ಮಳೆಗಾಲವೆಲ್ಲ ಏನೂ ಆಗಲಿಲ್ಲ. ಸೆಪ್ಟೆಂಬರ್ ಕೊನೆಗೆ ಪ್ಯಾಡ್ ಸವೆದವು. ಹುಮನಾಬಾದಿನಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿಗೆ ಹೋದೆ. ಅಲ್ಲಿನ ಮಾಲೀಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಅವರ ಕೈಕೆಳಗೆ ಒಬ್ಬ ಹುಡುಗ, ಹತ್ತೊಂಬತ್ತು ಇಪ್ಪತ್ತರವನು. ಐಟಿಐ ಮುಗಿಸಿ ಕೆಲಸ ಕಲಿಯಲು ಸೇರಿದ್ದ. ಬೇರೆಯವರೆಲ್ಲ ನನ್ನ ಗಾಡಿಯ ರೋಗವನ್ನು ನನ್ನ ಜೊತೆ ಬಂದ ತಮ್ಮನಿಗೆ ವಿವರಿಸುವವರು. ಈ ಹುಡುಗ ಮಾತ್ರ ನನಗೇ ಹೇಳುತ್ತಿದ್ದ, “ಅಕ್ಕಾ, ಇಲ್ಲಿ ನೋಡ್ರಿ” ಅಂತ.

ಅವತ್ತು ಪ್ಯಾಡ್ ಹಾಕಿ ಕೈ ಒರೆಸಿಕೊಳ್ಳುತ್ತ ಅಂದ: “ಪಿಸ್ಟನ್ ಹಿಂದಕ್ಕ ಹೋಗ್ಲಿಲ್ಲ ಅಕ್ಕಾ. ನಿಪ್ಪಲ್ ಬಿಚ್ಚಿ ಒತ್ತಬೇಕಾಯ್ತು. ಲಿವರ್ ಭಾಳ ಟೈಟ್ ಅದ.”

“ನನಗ ಹಂಗೇ ಬೇಕು. ಕೈ ಸಣ್ಣವು” ಅಂದೆ.

ಅವನು ಇನ್ನೇನೋ ಹೇಳಬೇಕು ಅಂತ ನಿಂತ. ನನ್ನ ಫೋನ್ ಬಂತು. ದುಡ್ಡು ಕೊಟ್ಟು ಹೊರಟೆ.

ಹೆದ್ದಾರಿಯ ನಡುವೆ

ಅಕ್ಟೋಬರ್ ಮೊದಲ ವಾರ. ಮಳೆ ಹೋಗಿ ಬಿಸಿಲು ಸುಡುತ್ತಿತ್ತು. ಸೋಯಾ ಕೊಯ್ಲಿನ ಸಮಯ. ಮೂರು ಹೊಲ ನೋಡಿ ಮಧ್ಯಾಹ್ನ ವಾಪಸ್ ಬರುತ್ತಿದ್ದೆ. ಮುರುಮಿನ ಇಳಿಜಾರು, ಮತ್ತೆ ಮತ್ತೆ ಬ್ರೇಕ್. ಗಾಡಿ ಯಾಕೋ ಎಳೆಯುತ್ತಿಲ್ಲ ಅನ್ನಿಸಿತು. ಇಳಿಜಾರಿನಲ್ಲೂ ಆಕ್ಸಿಲರೇಟರ್ ಕೊಡಬೇಕಾಯಿತು. ಪೆಟ್ರೋಲಿನಲ್ಲಿ ಕಸ ಬಂದಿರಬೇಕು ಅಂದುಕೊಂಡೆ.

ಹೈದರಾಬಾದ್–ಪುಣೆ ಹೆದ್ದಾರಿ ದಾಟಬೇಕು. ಎರಡೂ ಕಡೆ ನೋಡಿ, ಖಾಲಿ ಇದೆ ಅಂತ ಹೊರಟು, ಅಭ್ಯಾಸದಂತೆ ಒಮ್ಮೆ ಬ್ರೇಕ್ ಮುಟ್ಟಿದೆ. ಮುಂದಿನ ಚಕ್ರ ನಿಂತೇ ಬಿಟ್ಟಿತು. ಕೈ ಬಿಟ್ಟೆ, ಚಕ್ರ ಬಿಡಲಿಲ್ಲ. ಎಂಜಿನ್ ಕೂಗುತ್ತಿದೆ, ಗಾಡಿ ಹೆದ್ದಾರಿಗೆ ಅಡ್ಡ. ಇಳಿದು ತಳ್ಳಿದರೆ ಮೊಳೆ ಹೊಡೆದ ಹಾಗೆ ನಿಂತಿದೆ. ಎಡಗಡೆಯಿಂದ ಲಾರಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು.

ಲಾರಿಯವನು ಪುಣ್ಯಾತ್ಮ, ನಿಲ್ಲಿಸಿದ. ಕಬ್ಬಿನ ಟ್ರ್ಯಾಕ್ಟರಿನ ಇಬ್ಬರು ಓಡಿಬಂದು ಮುಂದಿನ ಚಕ್ರವನ್ನೇ ಎತ್ತಿ ಹಿಡಿದು, ಹಿಂದಿನ ಚಕ್ರದ ಮೇಲೆ ಗಾಡಿಯನ್ನು ಪಕ್ಕಕ್ಕೆ ತಂದರು. ನನ್ನ ಕೈಕಾಲು ನಡುಗುತ್ತಿದ್ದವು. ಬಾಟಲಿಯ ನೀರು ಕುಡಿಯುವಾಗ ನಾಲ್ಕು ಹನಿ ಡಿಸ್ಕಿನ ಮೇಲೆ ಬಿದ್ದವು. ಚುರ್ ಅಂತ ಆವಿಯಾದವು. ಅರ್ಧ ಗಂಟೆ ನೆರಳಿನಲ್ಲಿ ಕೂತು ಚಹಾ ಕುಡಿದು ಬಂದು ನೋಡಿದರೆ ಚಕ್ರ ಆರಾಮಾಗಿ ತಿರುಗುತ್ತಿದೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

ನಿಧಾನಕ್ಕೆ ಗಾಡಿ ತಂದು ನೇರ ಗ್ಯಾರೇಜಿಗೆ ಹೋದೆ.

ಆಮೇಲಿನದನ್ನು ಬರೆಯಲು ಕಷ್ಟವಾಗುತ್ತದೆ. ಆದರೂ ಬರೆಯಲೇಬೇಕು. ಗ್ಯಾರೇಜಿನಲ್ಲಿ ಏಳೆಂಟು ಜನ ಇದ್ದರು. ಎಲ್ಲರ ಮುಂದೆ ಆ ಹುಡುಗನ ಮೇಲೆ ಕೂಗಾಡಿದೆ. “ಪ್ಯಾಡ್ ಹಾಕೋಕೆ ಬರಲಿಲ್ಲಂದ್ರ ಹಾಕಬ್ಯಾಡ. ನಿನ್ನಿಂದ ಇವತ್ತು ಲಾರಿ ಕೆಳಗ ಹೋಗ್ತಿದ್ದೆ” ಅಂದೆ. ಅವನು “ಅಕ್ಕಾ, ನಾ ಅವತ್ತೇ...” ಅಂದ. “ಮಾತಾಡಬ್ಯಾಡ” ಅಂದೆ. ಉಸ್ತಾದ್ ಎದ್ದು ಬಂದು ಅವನ ಕೈಯಿಂದ ಪಾನಾ ಕಿತ್ತುಕೊಂಡು, ನಾಳೆಯಿಂದ ಬರಬೇಡ ಅಂದರು. ಅವನು ಬಕೆಟ್ಟಿನಲ್ಲಿ ಕೈ ತೊಳೆದು, ಚಪ್ಪಲಿ ಹಾಕಿಕೊಂಡು ಹೋದ.

ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಸಮಾಧಾನ ಆಯಿತು. ಹೆದರಿಕೆಯನ್ನು ಒಬ್ಬರ ತಲೆಗೆ ಕಟ್ಟಿದರೆ ಎಷ್ಟು ಹಗುರವಾಗುತ್ತದೆ ಅಂತ ಅವತ್ತು ಗೊತ್ತಾಯಿತು.

ಉಸ್ತಾದ್ ತಾವೇ ಕೂತು ಕ್ಯಾಲಿಪರ್ ಬಿಚ್ಚಿದರು. ಪಿಸ್ಟನ್ ಒರೆಸಿ, ಹೊಸ ಸೀಲ್ ಹಾಕಿ, ಕ್ಯಾಲಿಪರ್ ಜಾರುವ ಎರಡು ಪಿನ್ನಿಗೆ ಗ್ರೀಸ್ ಹಚ್ಚಿ, ಏರ್ ತೆಗೆದು ಕೊಟ್ಟರು. ಒಂದು ರೌಂಡ್ ಹೋಗಿ ಬಂದು, “ಚಕ್ರ ಫ್ರೀ ಅದ ಮೇಡಂ” ಅಂದರು.

ಮೂರನೇ ದಿನ, ಅದೇ ಬಿಸಿಲು, ಬೇರೆ ಹೊಲದ ದಾರಿ. ಚಕ್ರ ಮತ್ತೆ ಹಿಡಿಯಿತು.

“ಹುಡುಗ ಏನಂದಿದ್ದ?”

ಅವತ್ತು ಗಾಡಿಯನ್ನು ಟೆಂಪೊದಲ್ಲಿ ಮನೆಗೆ ತಂದೆ. ಅಪ್ಪ ಅಂಗಳದಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಹೆದ್ದಾರಿಯ ವಿಷಯ ಅವ್ವನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದೆ. ಅಪ್ಪ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ಯವ್ವಾ, ಪ್ಯಾಡ್ ಹಾಕಿದಾಗ ಆ ಹುಡುಗ ಏನಂದಿದ್ದ?”

“ಏನಿಲ್ಲ... ಪಿಸ್ಟನ್ ಹಿಂದಕ್ಕ ಹೋಗ್ಲಿಲ್ಲ, ನಿಪ್ಪಲ್ ಬಿಚ್ಚಿ ಒತ್ತಿದೆ ಅಂದ. ಲಿವರ್ ಟೈಟ್ ಅದ ಅಂದ.”

ಅಪ್ಪ ನನ್ನ ಮುಖ ನೋಡಿದರು. “ಬಸ್ಸಿನಾಗ ನಮ್ದು ಗಾಳಿ ಬ್ರೇಕ್. ಪೆಡಲ್ ಬಿಟ್ಟಾಗ ಬುಸ್ ಅಂತದ, ಕೇಳಿಯಲ್ಲ? ಆ ಗಾಳಿ ಹೊರಗ ಹೋಗ್ಲಿಲ್ಲಂದ್ರ ಬ್ರೇಕ್ ಬಿಡಂಗಿಲ್ಲ. ನಿಂದು ಎಣ್ಣಿ. ಎಣ್ಣಿ ವಾಪಸ್ ಹೋಗಲಿಕ್ಕ ದಾರಿ ಎಲ್ಲದ, ನೋಡು.”

ಹೈಸ್ಕೂಲಿನ ಪಾಸ್ಕಲ್ ನಿಯಮ ನೆನಪಿದೆಯಲ್ಲ? ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹೋಗುತ್ತದೆ. ಡಿಸ್ಕ್ ಬ್ರೇಕ್ ಅಂದರೆ ಅದೇ. ಲಿವರ್ ಎಳೆದರೆ ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರಿನೊಳಗೆ ಸಣ್ಣ ಪಿಸ್ಟನ್ ಸರಿಯುತ್ತದೆ, ಬ್ರೇಕ್ ಆಯಿಲ್ ಪೈಪಿನಲ್ಲಿ ಒತ್ತಿಕೊಂಡು ಹೋಗಿ ಕೆಳಗಿನ ಕ್ಯಾಲಿಪರಿನ ದೊಡ್ಡ ಪಿಸ್ಟನ್ ತಳ್ಳುತ್ತದೆ, ಪ್ಯಾಡ್ ಡಿಸ್ಕನ್ನು ಹಿಡಿಯುತ್ತದೆ.

ಬಿಡುವುದು ಹೇಗೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಕ್ಯಾಲಿಪರಿನಲ್ಲಿ ಪಿಸ್ಟನ್ನನ್ನು ಹಿಂದೆಳೆಯುವ ಸ್ಪ್ರಿಂಗ್ ಇಲ್ಲ. ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಿದಾಗ ತುಸು ತಿರುಚಿಕೊಳ್ಳುತ್ತದೆ, ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಬರುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಅಷ್ಟೇ ಸಾಕು. ಇನ್ನು ಮೇಲೆ, ಮಾಸ್ಟರ್ ಸಿಲಿಂಡರಿಗೂ ಆಯಿಲ್ ಡಬ್ಬಿಗೂ ನಡುವೆ ಸೂಜಿಮೊನೆಯಷ್ಟು ಒಂದು ತೂತು ಇದೆ. ಲಿವರ್ ಪೂರ್ತಿ ಬಿಟ್ಟಾಗ ಮಾತ್ರ ಅದು ತೆರೆದಿರುತ್ತದೆ. ಬ್ರೇಕ್ ಬಿಸಿಯಾಗಿ ಆಯಿಲ್ ಹಿಗ್ಗಿದರೆ ಹೆಚ್ಚಾದದ್ದು ಆ ತೂತಿನಿಂದ ಡಬ್ಬಿಗೆ ಹೋಗುತ್ತದೆ. ತೂತು ಮುಚ್ಚಿದ್ದರೆ ಹಿಗ್ಗಿದ ಆಯಿಲಿಗೆ ಹೋಗಲು ಜಾಗ ಇಲ್ಲ. ಅದು ಪಿಸ್ಟನ್ನನ್ನೇ ಒತ್ತುತ್ತದೆ. ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು, ಇನ್ನಷ್ಟು ಬಿಗಿ. ಕೊನೆಗೆ ಚಕ್ರ ನಿಲ್ಲುತ್ತದೆ. ತಣ್ಣಗಾದರೆ ಆಯಿಲ್ ಕುಗ್ಗಿ ಬಿಡುತ್ತದೆ. ನನ್ನ ಅರ್ಧ ಗಂಟೆ ಚಹಾದ ರಹಸ್ಯ ಇದೇ.

ಅಂಗಳದಲ್ಲಿ ಪರೀಕ್ಷೆ

ಮರುದಿನ ಭಾನುವಾರ. ಎಂಜಿನ್ ಕೆಳಗೆ ಮರದ ಪೆಟ್ಟಿಗೆ ಕೊಟ್ಟು ಮುಂದಿನ ಚಕ್ರ ಎತ್ತಿದೆವು. ಅಪ್ಪ ಕುರ್ಚಿ ಹಾಕಿಕೊಂಡು ಕೂತರು. ಅವರ ಮೊಣಕಾಲು ಈಗ ಮಡಚುವುದಿಲ್ಲ, ಹಾಗಾಗಿ ಕೈ ನನ್ನದು, ಬಾಯಿ ಅವರದು.

ಮೊದಲು ಕೈಯಿಂದ ಚಕ್ರ ತಿರುಗಿಸಿದೆ. ಎರಡು ಸುತ್ತು ಬಂತು. ಲಿವರನ್ನು ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿ ಬಿಟ್ಟು ತಿರುಗಿಸಿದೆ. ಅರ್ಧ ಸುತ್ತೂ ಬರಲಿಲ್ಲ. ಸರಿ, ರೋಗ ಅಂಗಳದಲ್ಲೇ ಕಾಣಿಸಿತು.

“ಈಗ ಕೆಳಗಿನ ನಿಪ್ಪಲ್ ಒಂಚೂರು ಬಿಚ್ಚು” ಅಂದರು ಅಪ್ಪ. ಕ್ಯಾಲಿಪರಿನ ನಿಪ್ಪಲಿಗೆ ಒಂದು ಪಾರದರ್ಶಕ ಪೈಪು ಸಿಗಿಸಿ, ಇನ್ನೊಂದು ತುದಿ ಬಾಟಲಿಗೆ ಬಿಟ್ಟು, ರಿಂಗ್ ಪಾನಾದಿಂದ ಕಾಲು ಸುತ್ತು ತಿರುಗಿಸಿದೆ. ಪಿಚಕ್ ಅಂತ ಆಯಿಲ್ ಚಿಮ್ಮಿತು. ಚಕ್ರ ತಿರುಗಿಸಿದರೆ ಗಿರಗಿರ ಅಂತ ತಿರುಗಿತು.

ಇದೊಂದು ಪರೀಕ್ಷೆಯೇ ಅರ್ಧ ಉತ್ತರ ಹೇಳಿತು. ನಿಪ್ಪಲ್ ಬಿಚ್ಚಿದ ಮೇಲೂ ಚಕ್ರ ಬಿಗಿಯಾಗಿಯೇ ಇದ್ದಿದ್ದರೆ ತಪ್ಪು ಕ್ಯಾಲಿಪರಿನದು: ಪಿಸ್ಟನ್ ತುಕ್ಕು ಹಿಡಿದಿರಬಹುದು, ಜಾರುವ ಪಿನ್ ಒಣಗಿರಬಹುದು, ಡಿಸ್ಕ್ ಡೊಂಕಾಗಿರಬಹುದು, ಆಕ್ಸಲ್ ಬಿಗಿಯುವಾಗ ಫೋರ್ಕ್ ಓರೆಯಾಗಿರಬಹುದು. ನಿಪ್ಪಲ್ ಬಿಚ್ಚಿದ ಕೂಡಲೆ ಚಕ್ರ ಬಿಟ್ಟಿತು ಅಂದರೆ ಕ್ಯಾಲಿಪರ್ ಸರಿ ಇದೆ, ಮೇಲಿನಿಂದ ಒತ್ತಡ ಸಿಕ್ಕಿಕೊಂಡಿದೆ. ಆ ಹುಡುಗ ಹಾಕಿದ ಪ್ಯಾಡಿಗೂ ಇದಕ್ಕೂ ಸಂಬಂಧವೇ ಇಲ್ಲ.

ಅಲ್ಲಿಗೇ ನನ್ನ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು.

ಉಳಿದದ್ದು ಮೂರು: ಪೈಪು ಒಳಗೆ ಊದಿಕೊಂಡಿದೆಯೋ, ಮಾಸ್ಟರ್ ಸಿಲಿಂಡರಿನ ತೂತು ಕಸದಿಂದ ಕಟ್ಟಿದೆಯೋ, ಲಿವರೇ ಪಿಸ್ಟನ್ನನ್ನು ಪೂರ್ತಿ ವಾಪಸ್ ಬರಲು ಬಿಡುತ್ತಿಲ್ಲವೋ. ಸುಲಭದ್ದನ್ನು ಮೊದಲು ನೋಡು ಅಂದರು ಅಪ್ಪ. ನಿಪ್ಪಲ್ ಬಿಗಿದು ಮತ್ತೆ ಇಪ್ಪತ್ತು ಸಲ ಒತ್ತಿ ಚಕ್ರ ಬಿಗಿ ಮಾಡಿದೆ. ಈ ಸಲ ಕೆಳಗೆ ಏನೂ ಮುಟ್ಟಲಿಲ್ಲ. ಲಿವರಿನ ಬೋಲ್ಟ್ ಬಿಚ್ಚಿ ನನ್ನ ನೀಲಿ ಲಿವರನ್ನು ಹೊರಗೆ ಎಳೆದೆ, ಅಷ್ಟೆ.

ಚಕ್ರ ತಾನಾಗಿಯೇ ಸಡಿಲವಾಯಿತು. ತಿರುಗಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು ಸುತ್ತು.

ಅಪ್ಪ ಏನೂ ಅನ್ನಲಿಲ್ಲ. ಮಾಳಿಗೆ ಹತ್ತಿ ಹಳೆಯ ಲಿವರ್ ತಂದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೇ ಕಾಣುತ್ತಿತ್ತು. ಪಿಸ್ಟನ್ನನ್ನು ಒತ್ತುವ ಮೂಗು ಹೊಸದರಲ್ಲಿ ತುಸು ಉದ್ದ. ಒಂದು ಮಿಲಿಮೀಟರೂ ಇರಲಿಕ್ಕಿಲ್ಲ. ಅಷ್ಟು ಸಾಕು, ಸೂಜಿಮೊನೆಯ ತೂತು ಮುಚ್ಚಲು. “ಮುಟ್ಟಿದರೆ ಸಾಕು ಹಿಡಿಯುತ್ತದೆ” ಅಂತ ನಾನು ಹೆಮ್ಮೆ ಪಟ್ಟಿದ್ದೆನಲ್ಲ, ಅದೇ ರೋಗದ ಲಕ್ಷಣ. ಮಳೆಗಾಲದಲ್ಲಿ ನೀರು, ಕೆಸರು ಡಿಸ್ಕನ್ನು ತಣ್ಣಗಿಟ್ಟಿದ್ದವು. ಹೊಸ ಪ್ಯಾಡು, ಅಕ್ಟೋಬರ್ ಬಿಸಿಲು, ಇಳಿಜಾರು ಮೂರೂ ಸೇರಿದಾಗ ಜೂನಿನ ತಪ್ಪು ಹೊರಗೆ ಬಂತು. ಪಿಸ್ಟನ್ ಹಿಂದೆ ಹೋಗದೆ ಹುಡುಗ ನಿಪ್ಪಲ್ ಬಿಚ್ಚಬೇಕಾಗಿ ಬಂದದ್ದೂ ಅದಕ್ಕೇ, ಆಯಿಲಿಗೆ ಮೇಲೆ ಹೋಗಲು ದಾರಿ ಇರಲಿಲ್ಲ. ಅವನು ರೋಗದ ಹೆಸರನ್ನೇ ಹೇಳಿದ್ದ. ನಾನು ಕೇಳಿಸಿಕೊಳ್ಳಲಿಲ್ಲ.

ಹಳೆಯ ಲಿವರ್ ಹಾಕಿ, ಡಬ್ಬಿಯ ಮುಚ್ಚಳ ತೆಗೆದು, ಮೆಲ್ಲಗೆ ಒಂಚೂರು ಒತ್ತಿದೆ. ಆಯಿಲಿನ ಮೇಲೆ ಒಂದು ಸಣ್ಣ ಬುಗ್ಗೆ ಎದ್ದಿತು, ಕೆರೆಯಲ್ಲಿ ಮೀನು ಬಾಯಿ ತೆಗೆದ ಹಾಗೆ. ತೂತು ಉಸಿರಾಡುತ್ತಿತ್ತು. ನೀಲಿ ಲಿವರಿನಲ್ಲಿ ಮಾಡಿ ನೋಡಿದೆ. ಬುಗ್ಗೆ ಇಲ್ಲ.

ರಾಜೇಶ್ವರದ ದಾರಿ

ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಗ್ಯಾರೇಜಿಗೆ ಹೋಗಿ ಹುಡುಗ ಎಲ್ಲಿ ಅಂತ ಕೇಳಿದೆ. ಉಸ್ತಾದಿಗೂ ಸರಿಯಾಗಿ ಗೊತ್ತಿರಲಿಲ್ಲ. ರಾಜೇಶ್ವರದ ಹತ್ತಿರ ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿಯಲ್ಲಿ ಕೂತಿದ್ದಾನೆ ಅಂತ ಇನ್ನೊಬ್ಬ ಹುಡುಗ ಹೇಳಿದ.

ಸಂಜೆ ಆಫೀಸ್ ಮುಗಿಸಿ ಹೋದೆ. ಲಾರಿಯ ಟೈರಿನ ಮೇಲೆ ಕೂತು ಟ್ಯೂಬ್ ಉಜ್ಜುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮುಖದಲ್ಲಿ ಹೆದರಿಕೆ. ಮತ್ತೇನಾದರೂ ಆಯಿತೇನೋ ಅಂತ ಇರಬೇಕು. ಒಬ್ಬ ಮನುಷ್ಯ ನನ್ನನ್ನು ನೋಡಿ ಹೀಗೆ ಹೆದರಬಹುದು ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಬ್ಯಾಗಿನಿಂದ ನೀಲಿ ಲಿವರ್ ತೆಗೆದು ಅವನ ಕೈಗೆ ಕೊಟ್ಟೆ. “ತಪ್ಪು ಇದರದು. ಅಂದ್ರ ನಂದು. ನಿಂದೇನಿಲ್ಲ. ನೀ ಹೇಳಿದ್ದಿ, ನಾ ಕೇಳ್ಲಿಲ್ಲ” ಅಂದೆ.

ಅವನು ಅದನ್ನು ತಿರುಗಿಸಿ, ಮೂಗನ್ನು ಹೆಬ್ಬೆರಳಿಂದ ಸವರಿ ನೋಡಿದ. “ಹೌದ್ರಿ, ಉದ್ದ ಅದ” ಅಂದ. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ ಹೇಳಿದ:

“ಬೈದದ್ದು ಅಲ್ಲಿ, ಎಲ್ಲಾರ ಮುಂದ. ತಪ್ಪಾಯ್ತು ಅನ್ನೋದು ಇಲ್ಲಿ, ಯಾರೂ ಇಲ್ಲದಾಗ. ಹ್ಯಾಂಗ್ರಿ ಮೇಡಂ?”

ಅಕ್ಕಾ ಹೋಗಿ ಮೇಡಂ ಆಗಿದ್ದೆ.

ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಅದು ಸರಿಯಾದ ಮಾತು.

ಬುಧವಾರ ಬೆಳಿಗ್ಗೆ, ಗ್ಯಾರೇಜಿನಲ್ಲಿ ಜನ ತುಂಬಿರುವ ಹೊತ್ತಿಗೇ ಹೋದೆ. ಉಸ್ತಾದ್ ಮುಂದೆ, ಕಾಯುತ್ತ ಕೂತವರ ಮುಂದೆ ಎರಡೂ ಲಿವರ್ ಇಟ್ಟು ಹೇಳಿದೆ. ಅವತ್ತು ಎಷ್ಟು ದನಿಯಲ್ಲಿ ಕೂಗಿದ್ದೆನೋ ಅಷ್ಟೇ ದನಿಯಲ್ಲಿ ಹೇಳಬೇಕು ಅಂತ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಆದರೆ ಗಂಟಲು ಕಟ್ಟಿ ಅರ್ಧ ದನಿಯೇ ಬಂತು. “ಹುಡುಗನ ಕೆಲಸ ಸರಿ ಇತ್ತು. ಲಿವರ್ ಹಾಕಿದ್ದು ನಾನು. ಅವನು ಹೇಳಿದ್ರೂ ಕೇಳ್ಲಿಲ್ಲ.” ಬಂದವರಲ್ಲಿ ಒಬ್ಬರು ನಕ್ಕರು. ಹೆಂಗಸು ಪಾನಾ ಹಿಡಿದರೆ ಹೀಗೇ ಅನ್ನುವ ನಗು. ಅದೂ ನನ್ನ ಪಾಲಿನದೇ ಅಂತ ನಿಂತು ಕೇಳಿಸಿಕೊಂಡೆ.

ಉಸ್ತಾದ್ ಬಹಳ ಹೊತ್ತು ಆ ಲಿವರ್ ನೋಡಿದರು. “ನಾನೂ ಲಿವರ್ ನೋಡ್ಲಿಲ್ಲ ಮೇಡಂ. ನೇರ ಕ್ಯಾಲಿಪರಿಗೆ ಕೈ ಹಾಕ್ದೆ. ಆ ಹುಡುಗನ್ನ ಒಂದ್ ಮಾತು ಕೇಳಬೇಕಾಗಿತ್ತು” ಅಂದರು. ಜೇಬಿನಿಂದ ಫೋನ್ ತೆಗೆದು ಎಲ್ಲರೆದುರೇ ಅವನಿಗೆ ಹಚ್ಚಿದರು. ಅವನು ಎತ್ತಲಿಲ್ಲ.

ನಿಮ್ಮ ಗಾಡಿಗೂ ಹೀಗಾದರೆ

ಇದನ್ನು ಓದುವವರಲ್ಲಿ ಬೈಕ್ ಓಡಿಸುವವರು ಬಹಳ ಜನ ಇದ್ದೀರಿ ಅಂತ ನಾಲ್ಕು ಮಾತು. ಲಿವರಿನ ತುದಿಯಲ್ಲಿ ಕೆಲವು ಮಿಲಿಮೀಟರ್ ಸಡಿಲು ಇರಲೇಬೇಕು. ಹೊಸ ಲಿವರ್, ಹ್ಯಾಂಡ್ ಗಾರ್ಡ್ ಏನೇ ಹಾಕಿಸಿದರೂ ಮೊದಲು ಅದನ್ನು ನೋಡಿ. ಗಾಡಿ ಎಳೆಯುತ್ತಿಲ್ಲ ಅನ್ನಿಸಿದರೆ, ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಣ್ಣಗಾಗಲು ಬಿಡಿ. ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ಬಿಟ್ಟಿತಲ್ಲ ಅಂತ ಮತ್ತೆ ಓಡಿಸಿಕೊಂಡು ಹೋಗಬೇಡಿ, ನಾನು ಮಾಡಿದ ತಪ್ಪುಗಳಲ್ಲಿ ಅದೂ ಒಂದು. ಎಬಿಎಸ್ ಇರುವ ಗಾಡಿಯಾದರೆ ಮನೆಯಲ್ಲಿ ಬಿಚ್ಚಲು ಹೋಗದೆ ತಿಳಿದವರ ಹತ್ತಿರ ಒಯ್ಯಿರಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಅದರ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯನ್ನು ಗೆರೆ ಮೀರಿ ತುಂಬಬೇಡಿ, ಹಿಗ್ಗಲು ಜಾಗ ಬೇಕು. ಪೇಂಟಿನ ಮೇಲೆ ಬಿದ್ದರೆ ಕೂಡಲೆ ನೀರಿನಿಂದ ತೊಳೆಯಿರಿ. ಎಂಜಿನ್ ಆಯಿಲನ್ನು ಬ್ರೇಕಿನ ಹತ್ತಿರವೂ ತರಬೇಡಿ, ಸೀಲ್ ಊದಿ ಹಾಳಾಗುತ್ತವೆ.

ಕೈ ಸಣ್ಣವಿದ್ದರೆ? ನಾನು ಹಳೆಯ ಲಿವರನ್ನೇ ಹಾಕಿಕೊಂಡು, ದಪ್ಪ ಗ್ರಿಪ್ ತೆಗೆದು ತೆಳ್ಳನೆಯದು ಹಾಕಿಸಿದೆ. ಬೆರಳು ಎಟುಕುತ್ತದೆ.

ಕೊನೆಗೆ

ಜಲಸಂಗಿಯ ಹೊಲ ನೋಡಲು ಹೋದಾಗಲೆಲ್ಲ ಅಲ್ಲಿನ ಕಲ್ಮೇಶ್ವರ ಗುಡಿಗೆ ಒಂದು ಸುತ್ತು ಹಾಕುತ್ತೇನೆ. ಚಾಲುಕ್ಯರ ಕಾಲದ ಗುಡಿ. ಗೋಡೆಯಲ್ಲಿ ಒಬ್ಬಳು ಶಿಲಾಬಾಲಿಕೆ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತ ನಿಂತಿದ್ದಾಳೆ. ಮೊದಲೆಲ್ಲ ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಈ ಸಲ ಹೋದಾಗ ನಾನೂ ಏನಾದರೂ ಬರೆಯಬೇಕು, ಹೊಗಳಿಕೆ ಅಲ್ಲ, ತಪ್ಪೊಪ್ಪಿಗೆ ಅನ್ನಿಸಿತು. ಹಾಗೆ ಹುಟ್ಟಿದ್ದು ಈ ಬರಹ.

ದೀಪಾವಳಿ ಕಳೆದು ಎರಡು ವಾರಕ್ಕೆ ಗ್ಯಾರೇಜಿಗೆ ಚೈನ್ ಬಿಗಿಸಲು ಹೋಗಿದ್ದೆ. ಹುಡುಗ ಅಲ್ಲಿದ್ದ. ಉಸ್ತಾದ್ ತಾವೇ ರಾಜೇಶ್ವರಕ್ಕೆ ಹೋಗಿ ಕರೆತಂದರಂತೆ. ಕೆಲಸ ಹೋದ ದಿನಗಳ ಸಂಬಳ ನಾನು ಕೊಡಲು ಹೋದೆ. ಬೇಡ ಅಂದ, ಉಸ್ತಾದ್ ಕೊಟ್ಟರು ಅಂದ. ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಚೈನ್ ಬಿಗಿದು ಗ್ರೀಸ್ ಹಚ್ಚಿದ. ಹೇಳದೆಯೇ ಗಾಡಿಯ ಮುಂಭಾಗ ಎತ್ತಿ ಚಕ್ರ ತಿರುಗಿಸಿ, ಲಿವರ್ ಒತ್ತಿ, ಬಿಟ್ಟು, ಮತ್ತೆ ತಿರುಗಿಸಿ ನೋಡಿದ.

“ಈಗ ಸರಿ ಅದ ಮೇಡಂ” ಅಂದ.

“ಇನ್ನೇನರ ನೋಡೋದದನು?” ಅಂದೆ. ಈ ಸಲ ಫೋನ್ ಬ್ಯಾಗಿನಲ್ಲಿತ್ತು.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹಿಂದಿನ ಚಕ್ರದ ಕಡೆ ಹೋಗಿ ಕೂತು, “ಇಲ್ಲಿ ನೋಡ್ರಿ” ಅಂದ.

ಬಗ್ಗಿ ನೋಡಿದೆ.